ಎಳ್ಳು ಬೀರಿದ ಇನ್ಸ್‌ಪೆಕ್ಟರು

ನಮ್ಮ ಸೋದರಮಾವ ಪೊಲೀಸ್ ಇನ್ಸ್‌ಪೆಕ್ಟರು. ಇಡೀ ಸರ್ವೀಸಿನಲ್ಲಿ ಅವರು ಕಳ್ಳರಿಗಿಂತ ಹೆಚ್ಚಾಗಿ ಮರ್ಯಾದಸ್ಥರನ್ನೇ ಬೆನ್ನಟ್ಟಿದರು ಎಂದರೆ ನಂಬುತ್ತೀರಾ? ಹಿಡಿದು ಠಾಣೆಗೆ ಕರೆತಂದು, ಕೂರಿಸಿ, ಕಾಫಿ ಕೊಡುವುದಕ್ಕೆ! ಜನ ಹೆದರದೆ ತಾವಾಗಿಯೇ ಠಾಣೆಯೊಳಗೆ ಬರಬೇಕು ಎನ್ನುವುದು ತೊಂಬತ್ತರ ದಶಕದಲ್ಲಿ ಅವರಿಗೆ ಹಿಡಿದ ಹುಚ್ಚು. ಬಸವನಗುಡಿಯ ಜನಕ್ಕೋ, ಖಾಕಿ ಕಂಡರೆ ಬಾಗಿಲು ಹಾಕಿಕೊಳ್ಳುವುದು ತಾತಮುತ್ತಾತನ ಕಾಲದಿಂದ ಬಂದ ಸಂಪ್ರದಾಯ.

ಒಂದು ಸಂಕ್ರಾಂತಿಗೆ ಮಾವನ ತಲೆಗೆ ಏನು ಹೊಳೆಯಿತೋ, ಜೀಪಿನ ತುಂಬ ಎಳ್ಳುಬೆಲ್ಲದ ಪೊಟ್ಟಣ ಹೇರಿಕೊಂಡು, ಯೂನಿಫಾರಂನಲ್ಲೇ ಮನೆಮನೆಗೆ ಎಳ್ಳು ಬೀರಲು ಹೊರಟರು. ನಮ್ಮಲ್ಲಿ ಎಳ್ಳು ಬೀರುವುದು ರೇಷ್ಮೆ ಲಂಗ ತೊಟ್ಟ ಹೆಣ್ಣುಮಕ್ಕಳು. ಇಲ್ಲಿ ತಟ್ಟೆ ಹಿಡಿದು ನಿಂತವರು ಗಿರಿಜಾಮೀಸೆಯ ಹೆಡ್ ಕಾನ್‌ಸ್ಟೇಬಲ್ಲು! ಗಾಂಧಿ ಬಜಾರಿನ ಹಿಂದಿನ ರಸ್ತೆಯ ನಿವೃತ್ತ ಮೇಷ್ಟ್ರು ಬಾಗಿಲು ತೆರೆದವರೇ ಬೆವರಿದರು.

"ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಮೇಷ್ಟ್ರೇ," ಎಂದರು ಮಾವ.

"ನಾನು ಯಾರಿಗೂ ಕೆಟ್ಟ ಮಾತು ಆಡಿಲ್ಲ ಸಾರ್! ಕಂಪ್ಲೇಂಟ್ ಕೊಟ್ಟಿದ್ದು ಎದುರುಮನೆಯವ್ರೇ ತಾನೆ?"

ಸಂಜೆಯೊಳಗೆ, ಮೇಷ್ಟ್ರನ್ನು ಪೊಲೀಸರು ವಿಚಾರಿಸಿಕೊಂಡು ಹೋದರಂತೆ ಎಂದು ಬೀದಿಯೆಲ್ಲ ಗುಲ್ಲು.

ಇಷ್ಟಕ್ಕೇ ಬಿಟ್ಟರೆ? ದೊಡ್ಡ ಅಧಿಕಾರಿಗಳ ಮೀಟಿಂಗಿನಲ್ಲೂ ಎದ್ದುನಿಂತು, "ಜನ ನಮ್ಮನ್ನ ಕಂಡು ಹೆದರಿದ್ರೆ ನಾಚಿಕೆ ನಮಗಾಗ್ಬೇಕು ಸಾರ್, ಇಲಾಖೇನೇ ಬದಲಾಗ್ಬೇಕು" ಎಂದು ಭಾಷಣ ಬಿಗಿಯುತ್ತಿದ್ದರು. ಇಲಾಖೆ ಬದಲಾಗಲಿಲ್ಲ, ಮಾವನ ಠಾಣೆ ಬದಲಾಯಿತು! ಇವತ್ತು ಉಪ್ಪಾರಪೇಟೆ, ನಾಳೆ ಕಲಾಸಿಪಾಳ್ಯ. ಅತ್ತೆ ಪ್ರತಿ ಬೆಳಿಗ್ಗೆ, "ಇವತ್ತು ಡಬ್ಬಿ ಯಾವ ಸ್ಟೇಷನ್ನಿಗೆ?" ಎಂದು ಕೇಳಿಯೇ ಊಟ ಕಟ್ಟುತ್ತಿದ್ದರು. ಸುತ್ತಿ ಸುತ್ತಿ ಕೊನೆಗೆ ಮತ್ತೆ ಬಸವನಗುಡಿಗೇ ಬಂದು ಬಿದ್ದರು.

ಇಷ್ಟೆಲ್ಲ ಮಾಡಿದರೂ ಬರಬೇಕಾದವಳು ಮಾತ್ರ ಬರಲಿಲ್ಲ ಎಂಬ ಕೊರಗು ಅವರಿಗೆ. ನಾವೆಲ್ಲ ಇದ್ದ ಅಜ್ಜಿಮನೆಯ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ಸರೋಜಳನ್ನು ಅವಳ ಗಂಡ ಹೊಡೆಯುತ್ತಿದ್ದ. ಗೋಡೆಯಾಚೆಯ ಸದ್ದು ನಮಗೆಲ್ಲ ಕೇಳುತ್ತಿತ್ತು. ಮಾವ ಕೇಳಿದರೆ, "ಬಚ್ಚಲಲ್ಲಿ ಜಾರಿ ಬಿದ್ದೆ ಅಣ್ಣಾ" ಎನ್ನುವಳು.

"ಬಂದು ಒಂದು ಮಾತು ಹೇಳಿದ್ರೆ ಸಾಕಮ್ಮ, ಮುಂದಿಂದು ನಾನು ನೋಡ್ಕೋತೀನಿ," ಎಂದು ಮಾವ ಅಜ್ಜಿಯ ಹತ್ತಿರ ಒದ್ದಾಡುತ್ತಿದ್ದರು.

"ಸಂಸಾರಸ್ಥೆ ಪೊಲೀಸ್ ಸ್ಟೇಷನ್ನಿಗೆ ಬರ್ತಾಳೇನೋ? ಹೆತ್ತ ನಾನೇ ಇನ್ನೂ ಬಂದಿಲ್ಲ!"

"ಯಾಕಮ್ಮ, ಅದು ನಿನ್ನ ಮಗ ಇರೋ ಜಾಗ ಅಲ್ವಾ?"

"ಅಲ್ಲಿದೀಯ ಅಂತಾನೇ ನಿಂಗೆ ಹೆಣ್ಣು ಹುಡುಕಿ ಹುಡುಕಿ ನಮ್ಮ ಚಪ್ಪಲಿ ಸವೆದಿದ್ದು!"

ಒಂದು ಬೆಳಿಗ್ಗೆ ಮಾವ ಡ್ಯೂಟಿಗೆ ಹೋದ ಮೇಲೆ ಸರೋಜ ನಮ್ಮ ಬಾಗಿಲಿಗೆ ಬಂದಳು. ತುಟಿ ಒಡೆದಿತ್ತು. ಅಜ್ಜಿ ಸೆರಗು ಹೊದ್ದು, ಅವಳ ಕೈ ಹಿಡಿದು ಹೊರಟೇಬಿಟ್ಟರು. ಹಿಂದೆ ನಾನು.

ಠಾಣೆಯಲ್ಲಿ ತಾಯಿಯನ್ನು ಕಂಡು ಎದ್ದುನಿಂತ ಮಾವ ಮತ್ತೆ ಕೂರಲೇ ಇಲ್ಲ. "ಬಿದ್ದಿದ್ದಲ್ಲ ಅಣ್ಣಾ, ಅವ್ರು ಹೊಡೆದ್ರು," ಎಂದಳು ಸರೋಜ. ನಿಂತೇ ಅವಳ ಮಾತೆಲ್ಲ ಕೇಳಿ, ದೂರು ಬರೆಸಿಕೊಂಡು, ಅವಳ ಗಂಡನನ್ನು ಕರೆತರಲು ಜೀಪು ಕಳಿಸಿದರು.

ಆಮೇಲೆ ಅಜ್ಜಿ ಮೆಲ್ಲಗೆ ಹೇಳಿದರು: "ಬಾಗಿಲಿಂದ್ಲೇ ವಾಪಸ್ ಹೋಗೋಣ ಅನ್ನಿಸ್ತು ಕಣೋ. ಇವಳಿಗಿಂತ ನಂಗೇ ಜಾಸ್ತಿ ಭಯ. ಒಳಗಿರೋನು ನೀನಲ್ವಾ ಅಂತ ಬಂದ್ಬಿಟ್ಟೆ."

ಸಿಬ್ಬಂದಿಯೆಲ್ಲ ನೋಡುತ್ತಿದ್ದಂತೆಯೇ ಮಾವ ಅಮ್ಮನ ಕೈ ಹಿಡಿದುಕೊಂಡು ಅತ್ತುಬಿಟ್ಟರು.