ಪಾಚಿಗೆ ಫ್ಯಾನು, ನಮಗೆ ಬೀಸಣಿಗೆ

ಗಂಡ ಕುಡಿದರೆ, ಇಸ್ಪೀಟಾಡಿದರೆ ತವರಿಗೆ ಹೋಗಿ ಅಳಬಹುದು. ಪಾಚಿ ಬೆಳೆಸಿದರೆ ಯಾರ ಮುಂದೆ ಅಳುವುದು? ಅದಕ್ಕೇ ನಾನು ನಗುವುದನ್ನು ಕಲಿತೆ. ನಗುವಂಥದ್ದು ನಮ್ಮ ಕೂಕಟ್‌ಪಲ್ಲಿಯ ಮನೆಯಲ್ಲಿ ಮೇಲಿಂದ ಮೇಲೆ ನಡೆಯುತ್ತಲೇ ಇತ್ತು.

ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳು ಏಳುತ್ತಿದ್ದ ಕಾಲ ಅದು. ನಮ್ಮ ಅಪಾರ್ಟ್‌ಮೆಂಟಿನ ಗಂಡಸರೆಲ್ಲ ಆಫೀಸು ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಓಡುತ್ತಿದ್ದರು. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿದ್ದ ನಮ್ಮ ಯಜಮಾನರಿಗೆ ಮಾತ್ರ ದೇಶದ ಭವಿಷ್ಯ ಪಾಚಿಯಲ್ಲಿ ಕಂಡಿತು. ಪಡಸಾಲೆಯ ಅರ್ಧ ಗೋಡೆ ನುಂಗುವಷ್ಟು ದೊಡ್ಡ ಗಾಜಿನ ತೊಟ್ಟಿ ತಂದು, ಉಪ್ಪುನೀರು ತುಂಬಿ, ದ್ರಾಕ್ಷಿ ಗೊಂಚಲಿನಂಥ ಕಡಲಪಾಚಿ ನೆಟ್ಟರು. ಒಂದೆರಡು ಮೀನೂ ಇದ್ದವು, ನೆಪಕ್ಕೆ.

ಅತ್ತೆಯ ಕೈರುಚಿ

ನಮ್ಮತ್ತೆ ಕಲಬುರಗಿ ಕಡೆಯವರು. ಮೊದಲ ದಿನವೇ ತೊಟ್ಟಿಯನ್ನು ನೋಡಿ ಮಗನಿಗೆ ಅಂದರು, "ಬಾವ್ಯಾಗಿನ ಪಾಚಿ ತಿಕ್ಕಿ ತಿಕ್ಕಿ ನನ್ನ ಕೈ ಸವದಾವು. ನೀ ಅದನ್ನ ಗಾಜಿನ ಪೆಟಗ್ಯಾಗ ಇಟ್ಟು ಸಾಕಾಕತ್ತೀಯಲ್ಲೋ."

ತೊಟ್ಟಿಯ ನೀರು ಆರಿ ಕಡಿಮೆಯಾದಾಗೆಲ್ಲ ಇವರು ಸಿಹಿನೀರನ್ನೇ ಸುರಿಯುತ್ತಿದ್ದರು. ನೀರು ಆರಿದರೂ ಉಪ್ಪು ಒಳಗೇ ಉಳಿಯುತ್ತದೆ ಎನ್ನುವುದು ಅದರ ಲೆಕ್ಕ. ಅತ್ತೆಯ ಲೆಕ್ಕ ಅಡುಗೆಮನೆಯದು. ಒಂದು ಮಧ್ಯಾಹ್ನ, ಪಾಪ ನೀರು ಸಪ್ಪಗಾಗಿರಬೇಕೆಂದು ಅಡುಗೆ ಉಪ್ಪು ಹಿಡಿಹಿಡಿಯಾಗಿ ಹಾಕಿಬಿಟ್ಟರು. ಇವರು ಆಫೀಸಿನಿಂದ ಬಂದು ತಲೆಯ ಮೇಲೆ ಕೈಹೊತ್ತು ಕೂತರು. ಬಕೆಟ್ಟುಗಟ್ಟಲೆ ನೀರು ಬದಲಾಯಿಸುವಷ್ಟರಲ್ಲಿ ಸೊಂಟ ಹಿಡಿಯಿತು. ಅತ್ತೆಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಸಾರಿಗೆ ನೀರು ಬೆರೆಸಿದ ಮೇಲೆ ಉಪ್ಪು ಹಾಕುವುದನ್ನೂ ಹೆಂಡತಿ ಹೇಳಿಕೊಟ್ಟಿಲ್ಲವೇ ಎಂದು ಮಗನನ್ನೇ ಕೇಳಿದರು.

ಕೊಳೆಗೆ ಬಂದ ಮರ್ಯಾದೆ

ಆಮೇಲೆ ಇವರಿಗೆ ಸ್ವಚ್ಛತೆಯ ಹುಚ್ಚು ಹಿಡಿಯಿತು. ಮೀನಿನ ಹೇಲು ಕಂಡರೆ ಸಾಕು, ಕೊಳವೆ ಹಾಕಿ ಹೀರಿ ತೆಗೆಯುವರು. ನೀರು ಫಳಫಳ ಹೊಳೆಯಿತು, ಪಾಚಿ ಮಾತ್ರ ಬಿಳಿಚಿಕೊಂಡಿತು. ಮೀನಿನ ಅಂಗಡಿಯವನನ್ನು ಕೇಳಿದರೆ, ಪಾಚಿಗೆ ಆ ಹೊಲಸೇ ಊಟ, ಊಟ ಕಸಿದುಕೊಂಡು ಸೊರಗಿತು ಅಂದರೆ ಹೇಗೆ ಎಂದನಂತೆ. ಅಂದಿನಿಂದ ತೊಟ್ಟಿ ತೊಳೆಯುವುದಕ್ಕೆ ಮಿತಿ ಬಂತು, ಪಾಚಿ ಚಿಗುರಿತು.

ಒಳ್ಳೆಯದೇ ಆಯಿತು. ಆದರೆ ಇವರು ಅದೇ ಸಿದ್ಧಾಂತವನ್ನು ಬಚ್ಚಲುಮನೆಗೂ ವಿಸ್ತರಿಸಿಕೊಂಡರು.

ಕನ್ಯೆ ನೋಡಲು ಬಂದವರು

ಬೇಸಿಗೆ ಬಂತು, ಕರೆಂಟು ಹೋಗತೊಡಗಿತು. ಕೊನೆಗೂ ಇನ್ವರ್ಟರ್ ತಂದರು. ನಾನು ಸಂತೋಷದಿಂದ ಆರತಿ ಎತ್ತಿದೆ. ಎತ್ತಿದ ಮೇಲೆ ತಿಳಿಯಿತು, ಅದರ ವೈರು ಹೋಗಿದ್ದು ತೊಟ್ಟಿಯ ಪಂಪಿಗೆ, ದೀಪಕ್ಕೆ, ಮತ್ತು ತೊಟ್ಟಿಯ ನೆತ್ತಿಗೆ ಕಟ್ಟಿದ ಪುಟ್ಟ ಫ್ಯಾನಿಗೆ. ನೀರು ಕಾದರೆ ಪಾಚಿ ಕರಗಿ ಬೆಳ್ಳಗಾಗುತ್ತದಂತೆ. ನಾವು ಕರಗಿದರೆ ಚಿಂತೆಯಿಲ್ಲ, ಬೀಸಣಿಗೆ ಇದೆಯಲ್ಲ.

ಆಗಲೇ, ನಮ್ಮ ಜೊತೆಗೇ ಇದ್ದ ನಾದಿನಿಯನ್ನು ನೋಡಲು ಗಂಡಿನವರು ಬರುವುದು ಗೊತ್ತಾಯಿತು. ಹುಡುಗ ಸಾಫ್ಟ್‌ವೇರ್‌ನವನು, ಮನೆ ಮಿಯಾಪುರ. ಇಂಥ ಸಂಬಂಧ ಮತ್ತೆ ಸಿಗುವುದಿಲ್ಲವೆಂದು ಅತ್ತೆ ಹರಕೆ ಹೊತ್ತಿದ್ದರು. ಅದೊಂದು ದಿನವಾದರೂ ಇನ್ವರ್ಟರನ್ನು ದೊಡ್ಡ ಫ್ಯಾನಿಗೆ ಕೊಡಿ ಎಂದು ಬೇಡಿಕೊಂಡೆ.

"ಅವರು ಬಂದು ಹೋಗೋರು. ಪಾಚಿ ಇಲ್ಲೇ ಇರೋದು," ಅಂದರು.

"ಈ ಸಂಬಂಧ ತಪ್ಪಿದ್ರ ನಿಮ್ಮ ಪಾಚೀನ ಪಲ್ಯ ಮಾಡಿ ನಿಮಗ ಬಡಸ್ತೀನ್ರಿ," ಅಂದೆ. ತಮಾಷೆಗೆ ಅಂದದ್ದಲ್ಲ.

ಭಾನುವಾರ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಡುತ್ತಿದ್ದಂತೆ ಕರೆಂಟು ಹೋಯಿತು. ಗಂಡಿನ ತಂದೆ ಕರ್ಚೀಫು ಹಿಂಡುವಷ್ಟು ಬೆವತರು. ಮೊದಲು ಹುಡುಗ ಎದ್ದು ತೊಟ್ಟಿಯ ಫ್ಯಾನಿನ ಹತ್ತಿರ ನಿಂತ. ಆಮೇಲೆ ಅವನ ತಾಯಿ ಕುರ್ಚಿ ಎಳೆದುಕೊಂಡರು, ಆಮೇಲೆ ತಂದೆ. ಚಹಾ ತಂದ ನಾದಿನಿಯ ಮುಖವನ್ನು ನೋಡುವವರಿಲ್ಲ, ಎಲ್ಲರ ಮುಖವೂ ತೊಟ್ಟಿಗೆ ಅಂಟಿಕೊಂಡಿತ್ತು. ಅತ್ತೆ ನನ್ನನ್ನು ನೋಡಿದರು, ನಾನು ಇವರನ್ನು ಸುಡುವಂತೆ ನೋಡಿದೆ.

ಹುಡುಗ ಪಾಚಿಗೆ ಏನು ಹಾಕುತ್ತೀರೆಂದು ಕೇಳಿದ. ಇವರು ಬಾಯಿ ತೆರೆಯುವ ಮೊದಲೇ ನಾದಿನಿ ಶುರುಮಾಡಿದಳು. ಬೆಳಕು ಎಷ್ಟು ಬೇಕು, ಕಬ್ಬಿಣಾಂಶದ ಗೊಬ್ಬರದ ಹನಿ ಯಾವಾಗ ಹಾಕಬೇಕು, ದಟ್ಟವಾದಾಗ ಏಕೆ ಕತ್ತರಿಸಬೇಕು, ಎಲ್ಲ ಹೇಳಿದಳು. ಅಣ್ಣನ ಉಪನ್ಯಾಸ ದಿನಾ ಕಿವಿಗೆ ಬಿದ್ದರೆ ಯಾರಿಗಾದರೂ ಬಾಯಿಪಾಠವಾಗುತ್ತದೆ. ಹುಡುಗ ಚಹಾ ಆರಿಹೋಗುವವರೆಗೆ ಕೇಳುತ್ತ ನಿಂತ.

ಅವರು ಹೋದ ಮೇಲೆ ಅತ್ತೆ ಕಣ್ಣೀರಿಟ್ಟರು. ನಾನು ಬಾಣಲೆ ಹುಡುಕಿಟ್ಟುಕೊಂಡೆ.

ಮರುದಿನ ಫೋನು ಬಂತು. ಹುಡುಗಿ ಒಪ್ಪಿಗೆಯಂತೆ, ಆದರೆ ಹುಡುಗನದೊಂದು ಬೇಡಿಕೆ ಇದೆಯಂತೆ. ಅತ್ತೆ ಮನಸ್ಸಿನಲ್ಲೇ ಬಂಗಾರದ ಲೆಕ್ಕ ಹಾಕತೊಡಗಿದರು. ಬೇಡಿಕೆ ಇಷ್ಟೇ: ಮದುವೆಗೆ ಬರುವಾಗ ಆ ಪಾಚಿಯದೊಂದು ಗೊಂಚಲು ತರಬೇಕು. ಇವರು ಆ ದಿನವಿಡೀ ಮೀಸೆಯಡಿಯಲ್ಲೇ ನಗುತ್ತ ಓಡಾಡಿದರು. ಬಾಣಲೆಯನ್ನು ನಾನು ಸದ್ದಾಗದಂತೆ ಒಳಗಿಟ್ಟೆ.

ಮದುವೆ ಚೆನ್ನಾಗಿಯೇ ಆಯಿತು. ಮುಂದಿನ ಬೇಸಿಗೆಯಲ್ಲಿ ಮಿಯಾಪುರದಿಂದ ನಾದಿನಿಯ ಫೋನು.

"ವೈನಿ, ನಮ್ಮನಿಯವರು ನಿನ್ನೆ ಇನ್ವರ್ಟರ್ ತಂದಾರ."

"ಭಾಳ ಚಲೋ ಆತು. ಫ್ಯಾನಿಗೇನವಾ?"

ಅವಳು ಮೆಲ್ಲಗೆ ಕೇಳಿದಳು, "ವೈನಿ, ನೀವು ಬೀಸಣಿಗಿ ಎಲ್ಲಿ ತಗೋತೀರಿ?"