ತಾಟಿನ ತುಂಬಾ ನಾನು

ಸ್ಟೀಲ್ ಪಾತ್ರೆಯ ಮೇಲೆ ಹೆಸರು ಹಾಕಿಸದಿದ್ದರೆ ಅದು ನಮ್ಮದು ಅಂತ ಅನ್ನಿಸುವುದೇ ಇಲ್ಲ, ಅಂಥ ಜನ ನಾವು. ನಮ್ಮ ಅಡುಗೆಮನೆಗೆ ಬಂದು ನೋಡಿದರೆ ಬೀಗರ ಇಡೀ ವಂಶಾವಳಿ ಸಿಗುತ್ತದೆ. ನಾನು ದಿನಾ ಮುಂಜಾನೆ ಚಹಾ ಕುಡಿಯುವುದು ಹೆಂಡತಿಯ ಸೋದರಮಾವನ ಮಗನ ಮದುವೆಯಲ್ಲಿ. ಅಂದರೆ ಆ ಮದುವೆಯ ನೆನಪಿಗೆಂದು ಕೊಟ್ಟ ಲೋಟದಲ್ಲಿ. ಮಜ್ಜಿಗೆ ಇರುವುದು ಆಕೆಯ ದೊಡ್ಡಪ್ಪನ ವಾಸ್ತುಶಾಂತಿಯಲ್ಲಿ. ಉಪ್ಪಿನಕಾಯಿಯ ಮುಚ್ಚಳದ ಮೇಲೆ ಯಾರ ಹೆಸರಿದೆಯೋ, ಅವರು ಯಾರೆಂದು ಆಕೆಗೂ ಗೊತ್ತಿಲ್ಲ. ನಮ್ಮ ಹಂಚಿನಾಳ ಮನೆತನದ ಹೆಸರಿರುವ ಒಂದು ಚಮಚವೂ ಈ ಮನೆಯಲ್ಲಿಲ್ಲ. ಈ ಮಾತು ತೆಗೆದರೆ ನಮ್ಮಾಕಿ ಗಿರಿಜಾ, "ನಿಮ್ಮ ಕಡೆಯವರು ಕೊಟ್ಟಿದ್ರ ಇರತಿತ್ತು" ಎಂದು ಅಲ್ಲಿಗೇ ಮುಗಿಸುತ್ತಾಳೆ.

ಹೆಸರಿನ ವಿಷಯದಲ್ಲಿ ನನ್ನ ನಸೀಬೇ ಹಾಗೆ. ನಾನು ಸರಕಾರಿ ಇಂಜಿನಿಯರ್ ಆಗಿದ್ದವನು. ಸೇತುವೆ, ಮೋರಿ, ಸಾಲಿ ಕಟ್ಟಡ ಏನೆಲ್ಲ ಕಟ್ಟಿಸಿದೆ. ಬಿಸಿಲಲ್ಲಿ ನಿಂತವನು ನಾನು, ಕಲ್ಲಿನ ಮೇಲೆ ಹೆಸರು ಮಾತ್ರ ಉದ್ಘಾಟನೆಗೆ ಬಂದವರದು. ಒಮ್ಮೆ ಮಳೆ ಹೊಡೆದು ಉದ್ಘಾಟನೆಗೆ ಯಾರೂ ಬರಲೇ ಇಲ್ಲ. ಆದರೂ ಬರದವರ ಹೆಸರು ಆ ಕಲ್ಲಿನ ಮೇಲೆ ಇವತ್ತಿಗೂ ಇದೆ. ನಿವೃತ್ತಿಯಾಗಿ ಗೋಪನಕೊಪ್ಪದ ಮನೆಯಲ್ಲಿ ಆರಾಮ ಕುಳಿತ ಮೇಲೆ ಇದು ಒಳಗೊಳಗೇ ಚುಚ್ಚತೊಡಗಿತು. ಎಲ್ಲಾದರೂ ಒಂದು ಕಡೆ, ನಾನು ಹೋದ ಮೇಲೂ ನನ್ನ ಹೆಸರು ಉಳಿಯಬೇಕು ಎಂಬ ಆಸೆ ನನಗಿತ್ತು. ಇದನ್ನು ಗಿರಿಜಾಳಿಗೂ ಹೇಳಿದ್ದೆ. "ಮದಲ ಕರೆಂಟ್ ಬಿಲ್ಲರೆ ನಿಮ್ಮ ಹೆಸರಿಗೆ ಮಾಡಿಸ್ರಿ, ಇನ್ನೂ ಮನಿ ಮಾರಿದವನ ಹೆಸರಿಲೇ ಬರಾಕತ್ತೈತಿ" ಎಂದಿದ್ದಳು.

ಅಷ್ಟರಲ್ಲಿ ಒಂದು ಅವಕಾಶ ಬಂತು. ಗರಗದ ದಾರಿಯಲ್ಲಿ ಬಡ ಹೆಣ್ಣುಮಕ್ಕಳ ಒಂದು ಉಚಿತ ವಸತಿ ನಿಲಯವಿದೆ. ಅದರ ಮೇಲ್ವಿಚಾರಕಿ ಶಾಂತಕ್ಕ ಒಂದು ರವಿವಾರ ನಮ್ಮ ಕಾಲನಿಯ ಸಭೆಗೆ ಬಂದು, ಕೈಮುಗಿದು, ಸೀದಾ ವಿಷಯಕ್ಕೆ ಬಂದರು. "ಊಟಕ್ಕ ಕಮ್ಮಿ ಇಲ್ರಿ, ತಾಟಿಗೆ ಕಮ್ಮಿ ಐತಿ. ಅರ್ಧ ಹುಡುಗ್ಯಾರು ಉಂಡು, ತಾಟು ತೊಳದು ಕೊಟ್ಟ ಮ್ಯಾಲ ಉಳದವರು ಉಣ್ಣಬೇಕು. ಎರಡನೇ ಪಾಳಿಯವರು ರೊಟ್ಟಿ ಕೈಯಾಗ ಹಿಡಕೊಂಡ ಸಾಲಿಗೆ ಓಡ್ತಾರ್ರಿ. ದಿನಾ ತಡಾ, ದಿನಾ ಕ್ಲಾಸಿನ ಹೊರಗ ನಿಲ್ಲೂದು." ಮನೆಗೊಂದು ಸ್ಟೀಲ್ ತಾಟು ಕೊಡುವುದೆಂದು ಅಲ್ಲೇ ನಿರ್ಧಾರವಾಯಿತು. ಕೂಡಿಸುವ ಜವಾಬ್ದಾರಿ ಯಾರದು ಎಂದು ಕೇಳುವ ಮೊದಲೇ ನಾನು ಎದ್ದು ನಿಂತಿದ್ದೆ.

ತಾಟು ಕೊಡಲು ಯಾರೂ ಹಿಂದೆಮುಂದೆ ನೋಡಲಿಲ್ಲ. ತಕರಾರು ಬಂದದ್ದು ಹೆಸರಿನದು. ಕಾಲನಿಯ ವಕೀಲರು ತಮ್ಮ ಹೆಸರಿನ ಜೊತೆ ತೀರಿಹೋದ ತಂದೆಯ ಹೆಸರೂ ಬರಬೇಕೆಂದರು. ಎದುರು ಮನೆಯ ದೇಸಾಯಿ ಟೀಚರ್ ಬಹಳ ವಿನಯವಂತೆ. "ದಾನಾ ಮಾಡಿದ್ದು ಹೇಳ್ಕೋಬಾರದ್ರಿ. ನನ್ನ ಹೆಸರು ತಾಟಿನ ತಳದಾಗ ಹಾಕಿಸ್ರಿ, ಯಾರಿಗೂ ಕಾಣೂದು ಬ್ಯಾಡ" ಎಂದರು. ಮರುದಿನ ಗೇಟಿನ ಹತ್ತಿರ ನಿಲ್ಲಿಸಿ, "ತಾಟು ಜೋಡಿಸಿಡೂಮುಂದ ಬೋರಲ ಇಡಾಕ ಹೇಳ್ರಿ, ಧೂಳು ಕೂಡಂಗಿಲ್ಲ" ಎಂದೂ ಸೇರಿಸಿದರು.

ನಾನು ಇವರನ್ನೆಲ್ಲ ನೋಡಿ ಮನಸ್ಸಿನಲ್ಲೇ ನಗುತ್ತಾ, ತಾಟಿನ ಚೀಲ ಹೊತ್ತು ದುರ್ಗದಬೈಲಿಗೆ ಹೋದೆ. ಅಲ್ಲಿ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಹೆಸರು ಹಾಕುವ ಮೆಹಬೂಬ್‌ಸಾಬರು ಹಳೆಯ ಪರಿಚಯ. ಟೀಚರ್ ಹೆಸರನ್ನು ತಳದಲ್ಲಿ, ಉಳಿದವರದನ್ನು ಅಂಚಿನ ಮೇಲೆ, ಮಶೀನಿನಿಂದ ಝುರ್ ಝುರ್ ಎಂದು ಹಾಕಿ ಮುಗಿಸಿದರು. ಕೊನೆಗೆ ನಾನು ನನ್ನ ತಾಟು ಕೊಟ್ಟು, ಬರೆದುಕೊಂಡು ಹೋಗಿದ್ದ ಚೀಟಿಯನ್ನೂ ಕೊಟ್ಟೆ. 'ಶ್ರೀ ಶಿವಯೋಗೆಪ್ಪ ಚನ್ನವೀರಪ್ಪ ಹಂಚಿನಾಳ, ನಿವೃತ್ತ ಸಹಾಯಕ ಕಾರ್ಯನಿರ್ವಾಹಕ ಅಭಿಯಂತರರು, ಗೋಪನಕೊಪ್ಪ, ಹುಬ್ಬಳ್ಳಿ, ಇವರಿಂದ ಪ್ರೀತಿಪೂರ್ವಕ ಕಾಣಿಕೆ.'

ಅವರು ಚೀಟಿ ನೋಡಿದರು, ತಾಟು ನೋಡಿದರು. "ಸಾಹೇಬ್ರ, ಇದು ತಾಟೋ, ಲಗ್ನಪತ್ರಿಕಿಯೋ? ಅಂಚಿನ ಮ್ಯಾಲ ಹಿಡಿಯಂಗಿಲ್ರಿ."

"ನಡುವ ಹಾಕ್ರಿ."

"ನಡುವ ಉಣ್ತಾರಲ್ರಿ!"

"ಉಣ್ಣುತ್ತ ಓದಲಿ ಬಿಡ್ರಿ, ಹೆಂಗೂ ಸಾಲಿ ಹುಡುಗ್ಯಾರು. ಮತ್ತ ಮಶೀನಿಲೆ ಬ್ಯಾಡ, ಸವದು ಹೋಗತೈತಿ. ಉಳಿಲೆ ಹಾಕ್ರಿ. ಆಳ ಇರಲಿ."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು, ನಂತರ ಯಾಕೆ ಬೇಕು ಎಂದು ಉಳಿ, ಸುತ್ತಿಗೆ ಎತ್ತಿಕೊಂಡರು. ಟಕ್ ಟಕ್ ಎಂದು ಒಂದೊಂದು ಅಕ್ಷರ ಮೂಡುವಾಗ ನನಗೆ ಆದ ಆನಂದ ಸೇತುವೆ ಕಟ್ಟಿದಾಗಲೂ ಆಗಿರಲಿಲ್ಲ. ಮನೆಗೆ ತಂದು ತೋರಿಸಿದಾಗ ಗಿರಿಜಾ ಅಕ್ಷರಗಳ ಮೇಲೆ ಬೆರಳಾಡಿಸಿ, "ಇದನ್ನ ತಿಕ್ಕಾವರು ಯಾರು?" ಎಂದಳು. ಹೊಟ್ಟೆಕಿಚ್ಚು ಎಂದುಕೊಂಡು ನಾನು ತಾಟನ್ನು ಮತ್ತೆ ಚೀಲಕ್ಕೆ ಹಾಕಿದೆ.

ತಾಟು ಕೊಟ್ಟು ಬಂದ ಕೆಲವು ತಿಂಗಳ ಮೇಲೆ ಶಾಂತಕ್ಕ ಒಂದು ರಜೆಯ ದಿನ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಕೆಲವು ಹುಡುಗಿಯರು ಊರಿಗೆ ಹೋಗಿದ್ದರು, ಅವರ ತಾಟುಗಳಲ್ಲಿ ನಮಗೆ ಊಟ. ಗಿರಿಜಾ, ಟೀಚರ್, ವಕೀಲರು ಮುಂಚೆಯೇ ಕಾರಿನಲ್ಲಿ ಹೋದರು. ನಾನು ಬೇಕೆಂದೇ ಸ್ಕೂಟರಿನಲ್ಲಿ ತಡವಾಗಿ ಹೊರಟೆ. ಎಲ್ಲರೂ ಕುಳಿತ ಮೇಲೆ ಒಳಗೆ ಬಂದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಉದ್ಘಾಟನೆಗೆ ಬರುವವರಿಂದ ನಾನು ಕಲಿತದ್ದು ಇಷ್ಟೇ.

ಹೋದಾಗ ಪಂಕ್ತಿ ಶುರುವಾಗಿತ್ತು. ಹುಡುಗಿಯರೆಲ್ಲ ಒಂದೇ ಪಾಳಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಅದನ್ನು ನೋಡಿ, ಸುಳ್ಳಲ್ಲ, ನಾನು ಬಾಗಿಲಲ್ಲೇ ನಿಂತುಬಿಟ್ಟೆ. "ನನಗ ಇವತ್ತ ದೇಸಾಯಿ ಟೀಚರ್ ಸಿಕ್ಕಾರ" ಎಂದು ಒಬ್ಬಳು ತಾಟು ಎತ್ತಿ ತಳ ನೋಡಿ ಕುಳಿತಲ್ಲೇ ಕುಣಿಯುತ್ತಿದ್ದಳು. "ನನಗ ವಕೀಲರು. ಒಂದ ಕಡೆ ಸೊಟ್ಟ ಆಗ್ಯಾರ" ಎಂದು ಇನ್ನೊಬ್ಬಳು. ಪಕ್ಕದಲ್ಲೇ ಕುಳಿತಿದ್ದ ವಕೀಲರು ಬೆನ್ನು ನೆಟ್ಟಗೆ ಮಾಡಿಕೊಂಡರು. ನನ್ನ ಹೆಸರು ಯಾರ ಪಾಲಿಗೆ ಬಂದಿದೆಯೋ ಎಂದು ನಾನು ಸಾಲಿನುದ್ದಕ್ಕೂ ಕಣ್ಣಾಡಿಸುತ್ತಿರುವಾಗ ಶಾಂತಕ್ಕ ಓಡಿ ಬಂದರು.

"ಸಾಹೇಬ್ರ, ನಿಮಗ ಹೆಂಗ ಉಪಕಾರ ಹೇಳಬೇಕೋ ಗೊತ್ತಿಲ್ರಿ. ನಿಮ್ಮ ತಾಟು ಬಂದಾಗಿಂದ ನಮ್ಮ ನಿಲಯಕ್ಕ ಶಿಸ್ತ ಬಂದೈತಿ. ಒಬ್ಬಾಕಿನೂ ತಡಾ ಮಾಡವಲ್ಲಳು."

"ಅದ್ಹೆಂಗ್ರಿ?" ಎಂದೆ, ಹಿಗ್ಗಿ.

"ಎಲ್ಲಾರಕಿಂತ ಕಡೀಕ ಬಂದವರಿಗೆ ಆ ತಾಟು ಅಂತ ಹುಡುಗ್ಯಾರ ಗೊತ್ತ ಮಾಡ್ಯಾರ್ರಿ. ತೊಳಿಯೂದು ಭಾಳ ತ್ರಾಸು ನೋಡ್ರಿ. ಅದಕ್ಕ ಹೆದರಿ ಗಂಟಿ ಹೊಡಿಯೂದ್ರಾಗ ಎಲ್ಲಾರೂ ಬಂದ ಕೂತಿರ್ತಾರ. ಸಾಲಿಗೂ ಲಗೂ ಹೋಗ್ತಾರ." ಹೀಗೆ ಹೇಳಿ ಅವರು ಸುತ್ತ ನೋಡಿದರು. ನಿಂತವನು ನಾನೊಬ್ಬನೇ. ಒಬ್ಬ ಚಿಕ್ಕ ಹುಡುಗಿ ಬಹಳ ಮರ್ಯಾದೆಯಿಂದ ಎರಡೂ ಕೈಯಲ್ಲಿ ನನ್ನ ಹೆಸರನ್ನು ತಂದು ನನ್ನ ಮುಂದಿಟ್ಟಳು.

ಬಡಿಸಿದ್ದು ಗೋಧಿ ಹುಗ್ಗಿ. ಬೆಲ್ಲ, ತುಪ್ಪ ಹಾಕಿ ಗಟ್ಟಿಯಾಗಿ ಮಾಡಿದ್ದು. ಊಟವೇನೋ ಸೊಗಸಾಗಿತ್ತು. ಆದರೆ ಉಂಡವರೇ ತಮ್ಮ ತಾಟು ತೊಳೆಯುವುದು ಅಲ್ಲಿಯ ಪದ್ಧತಿ. ಉಳಿದವರು ತೊಳೆದು, ಕೈ ಒರೆಸಿಕೊಂಡು, ಅಡಿಕೆ ಹಾಕಿಕೊಂಡು ನೆರಳಿಗೆ ಹೋದರು. ನಾನು ನಳದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನಾರು ಹಿಡಿದು ತಿಕ್ಕಿದೆ, ತಿಕ್ಕಿದೆ. 'ಶ್ರೀ'ಯೊಳಗಿನದು ಬೇಗ ಹೋಯಿತು. ಮುಂದೆ ಒಂದು ಅಕ್ಷರವೂ ಹುಗ್ಗಿ ಬಿಟ್ಟುಕೊಡಲಿಲ್ಲ.

ತಾಟು ತಂದಿಟ್ಟಿದ್ದ ಆ ಹುಡುಗಿ ಸ್ವಲ್ಪ ಹೊತ್ತು ನೋಡಿ, ಪಾಪ ಅನ್ನಿಸಿತೋ ಏನೋ, ಕಸಬರಿಗೆಯ ಒಂದು ಕಡ್ಡಿ ಮುರಿದು ತಂದು ಕೊಟ್ಟಳು. "ಅಜ್ಜಾರ, ಬರೇ ನಾರಿಲೆ ಹೋಗಂಗಿಲ್ರಿ. ಮದಲ 'ಕಾರ್ಯನಿರ್ವಾಹಕ'ದಾಗ ಕಡ್ಡಿ ಆಡಸ್ರಿ, ಅಲ್ಲೇ ಭಾಳ ಕೂಡತೈತಿ."

"ಇದು ಯಾರ ಹೆಸರಂತ ಗೊತ್ತೇನವಾ?" ಎಂದೆ.

"ಯಾರೋ ಏನೋರಿ. ಕಡೀಕ ಬಂದವರು ದಿನಾ ಇಲ್ಲಿ ಕೂತು ಬೈತಾರ್ರಿ" ಎಂದು ಓಡಿದಳು.

ಹಿಂದಿನಿಂದ ಅಡಿಕೆ ಅಗಿಯುವ ಸದ್ದು ಕೇಳಿತು. ತಿರುಗಿ ನೋಡುವ ಅಗತ್ಯವಿರಲಿಲ್ಲ. "ಹೆಸರು ಉಳೀಬೇಕು, ಉಳೀಬೇಕು ಅಂತಿದ್ರಲ್ಲ," ಎಂದಳು ಗಿರಿಜಾ, "ಉಳದೈತಿ ನೋಡ್ರಿ. ಎಷ್ಟ ತಿಕ್ಕಿದರೂ ಹೋಗವಲ್ದು."

ನಾನು ಕಡ್ಡಿಯನ್ನು ಮುಂದಿನ ಪದಕ್ಕೆ ಒಯ್ದೆ. 'ಅಭಿಯಂತರ'ದಲ್ಲಿ ಇನ್ನೂ ಬೆಲ್ಲ ಇತ್ತು.