ಜೋಡಿ ಎಂಜಿನ್ನೂ ಅತ್ತೆಯ ಹಲ್ಲೂ

ಹಲ್ಲಿನ ಡಾಕ್ಟರಿಗೆ ಊರವರ ಬಾಯಿಗೆ ಕೈ ಹಾಕಲು ಭಯವಿರಲಿಲ್ಲ. ಮನೆಯವರ ಬಾಯಿಗೆ ಸಿಕ್ಕಲು ಮಾತ್ರ ಜೀವಭಯ. ಅದರಲ್ಲೂ ಅತ್ತೆ ಬಂದು ಮೂರು ದಿನವಾಗಿತ್ತು.

"ಅಮ್ಮನಿಗೆ ಈ ರೂಮೇ ಆಗ್ಬೇಕು. ಸಂಜೆಯೊಳಗೆ ನಿಮ್ಮ ಆಟದ ರೈಲು ಅಟ್ಟಕ್ಕೆ!" ಎಂದು ಹೆಂಡತಿಯ ಕಟ್ಟಪ್ಪಣೆ ಹೊರಟಿತ್ತು. ಬೆಳಿಗ್ಗೆ ಅತ್ತೆ ತಮ್ಮ ಹಲ್ಲಿನ ಸೆಟ್ಟು ಬಿಚ್ಚಿಕೊಟ್ಟು, "ಒತ್ತುತ್ತೆ, ಸ್ವಲ್ಪ ಉಜ್ಜಿಕೊಡಿ" ಎಂದಿದ್ದರು. ಡಾಕ್ಟರು ಅದನ್ನು ರೈಲಿನ ಮೇಜಿನ ಅಂಚಿಗಿಟ್ಟು ಮರೆತರು. (ಮರೆತರು ಎನ್ನುವುದು ಮರ್ಯಾದೆಯ ಮಾತು.)

ಹತ್ತು ವರ್ಷದಿಂದ ಅವರದೊಂದೇ ಕೊರಗು: ಇಪ್ಪತ್ತು ಬೋಗಿಯ ಗೂಡ್ಸು ರಟ್ಟಿನ ಗುಡ್ಡ ಹತ್ತುತ್ತಿರಲಿಲ್ಲ. ಒಂಟಿ ಎಂಜಿನ್ ಅರ್ಧಕ್ಕೇ ಚಕ್ರ ಜಾರಿಸಿ ನಿಲ್ಲುತ್ತಿತ್ತು. ಅಟ್ಟ ಸೇರುವ ಮೊದಲು ಒಮ್ಮೆಯಾದರೂ ಹತ್ತಲೆಂದು ಕರಿ ಎಂಜಿನ್ನಿನ ಹಿಂದೆ ಕೆಂಪು ಎಂಜಿನ್ ಕಟ್ಟಿದರು. ಒಂದೇ ಗುಂಡಿಗೆ ಎರಡೂ ಓಡುವಂತೆ ಕಂಟ್ರೋಲು ಪೆಟ್ಟಿಗೆಯಲ್ಲಿ ಎರಡಕ್ಕೂ ಒಂದೇ ನಂಬರು ಕೊಟ್ಟರು. ಆದರೆ ಕೆಂಪಿಗೆ ಅವಸರ, ಕರಿಗೆ ಆಲಸ್ಯ. ಹಿಂದಿನದು ಮುಂದಿನದನ್ನು ನೂಕಿ ನೂಕಿ ಹಳಿ ತಪ್ಪಿಸಿತು. ಕೆಂಪಿನ ವೇಗ ಚೂರುಚೂರೇ ತಗ್ಗಿಸಿ ಎರಡನ್ನೂ ಸಮಕ್ಕೆ ತರುವಷ್ಟರಲ್ಲಿ ನಾಲ್ಕು ಗಂಟೆ. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ಎಂಜಿನ್ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದರು.

ಮೆಲ್ಲನೆ ಗುಂಡಿ ತಿರುಗಿಸಿದರು. ರೈಲು ಹತ್ತಿತು! ನೆತ್ತಿಗೆ ಇನ್ನೊಂದೇ ಗೇಣು...

"ರೀ! ಅಮ್ಮ ಬೆಳಿಗ್ಗೆಯಿಂದ ಬರೀ ಹಾಲು ಕುಡ್ಕೊಂಡಿದಾರೆ. ಹಲ್ಲೆಲ್ರೀ?"

ಬಾಗಿಲಲ್ಲಿ ಹೆಂಡತಿ, ಬೆನ್ನಿಗೇ ಅತ್ತೆ. ಡಾಕ್ಟರು ಗಕ್ಕನೆ ತಿರುಗಿದ ರಭಸಕ್ಕೆ ಕೈಯಲ್ಲಿದ್ದ ಗುಂಡಿಯೂ ಪೂರ್ತಿ ತಿರುಗಿತು. ಎಂಜಿನ್ನುಗಳು ಜಿಗಿದವು, ಕೊಂಡಿ ಕಳಚಿತು. ಇಪ್ಪತ್ತೂ ಬೋಗಿಗಳು ಗಡಗಡನೆ ಹಿಂದಕ್ಕಿಳಿದು, ತಿರುವಿನಲ್ಲಿ ಹಳಿ ಬಿಟ್ಟು, ಹಲ್ಲಿನ ಸೆಟ್ಟನ್ನೂ ಜೊತೆಗೆ ಕರೆದುಕೊಂಡು ನೆಲಕ್ಕೆ ಹಾರಿದವು. ಸೆಟ್ಟು ಎರಡು ಹೋಳು.

ಅತ್ತೆ ಕಣ್ಣರಳಿಸಿ, ಬೊಚ್ಚುಬಾಯಿ ತೆರೆದು ಗುಡುಗಿದರು: "ಇಂಫೊಂಫಲ ಬೀಫಿ!"

ಶಾಪವೇ ಇರಬೇಕು! ಡಾಕ್ಟರು ಮೇಜಿನ ಹಿಂದಕ್ಕೆ ಸರಿದರು. "ಏ... ಏನಂತೆ?"

ಹೆಂಡತಿ ಹಣೆ ಚಚ್ಚಿಕೊಂಡಳು. "ಇನ್ನೊಂದ್ಸಲ ಬೀಳ್ಸಿ ಅಂತಿದಾರೆ!"

ಅತ್ತೆಗೆ ಪಕ್ಕದ ರೂಮೇ ಸಾಕಾಯಿತು, ರೈಲು ಉಳಿಯಿತು. ಹೊಸ ಹಲ್ಲು ಕಟ್ಟಿಸಿಕೊಂಡ ಅತ್ತೆ ದಿನಾ ಮಧ್ಯಾಹ್ನ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಜೋಡಿ ಎಂಜಿನ್ ಈಗ ಸಲೀಸಾಗಿ ಗುಡ್ಡ ಹತ್ತುತ್ತದೆ. ಆದರೆ ನೆತ್ತಿಗೆ ಒಂದು ಗೇಣಿರುವಾಗ, "ಹ್ಞೂಂ, ಅಳಿಯಂದ್ರೇ, ಕೊಂಡಿ ಬಿಡಿ!" ಎಂದು ಅಪ್ಪಣೆಯಾಗುತ್ತದೆ. ಮೇಜಿನಡಿ ತೆವಳಿ ಬೋಗಿ ಹೆಕ್ಕುವ ಡಾಕ್ಟರು, ತಮ್ಮ ರೈಲು ಗುಡ್ಡದ ಆಚೆ ಬದಿ ಇಳಿಯುವುದನ್ನು ಇವತ್ತಿನವರೆಗೂ ನೋಡಿಲ್ಲ.